ವಯೋವೃದ್ಧರ ಮಹಾಧಮನಿಯೂ ನಮ್ಮ ಕರ್ತವ್ಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂಥ ಮಹೋತ್ಸವದಲ್ಲಿ ಷಟ್‌ಸ್ಥಲವನ್ನಾಗಲಿ ಅಷ್ಟಾವರಣವನ್ನಾಗಲಿ ಕುರಿತು ಮಾತನಾಡುವದು ಪಾಠಶಾಲೆಯಲ್ಲಿ ಓದಿ ಬೆಳೆದವನಿಗೆ ಸಹಜವಾದದ್ದು. ಈ ಸಲ ಶ್ರೀಗಳವರ ಅಪ್ಪಣೆಯ ಮೇರೆಗೆ ಬೇರೊಂದು ವಿಷಯವನ್ನು ಎತ್ತಿಕೊಂಡಿರುವೆನು. ಮಹೋತ್ಸವದ ನಿಮಿತ್ತ ಅನ್ನದಾಸೋಹದೊಡನೆ ಆರೋಗ್ಯದಾಸೋಹವೂ ನಡೆಯಲಿ. ಮುಪ್ಪಿನ ಗಂಡಸರೆಲ್ಲರ ಹೊಟ್ಟೆಯ ಸ್ಕ್ಯಾನಿಂಗನ್ನು ಮಠದ ಅಂಗಳದಲ್ಲಿ ಒಂದೇ ದಿನ ಮಾಡಿಸಿಬಿಡೋಣ. ಮಹಾಧಮನಿಯ ಊತವೆಂಬ ರೋಗವು ಇದರಿಂದ ಮೊದಲೇ ಗೊತ್ತಾಗುವದಂತೆ ಎಂದು ಭಕ್ತರಲ್ಲಿ ಕೆಲವರು ಸೂಚಿಸಿರುವರು. ಸೂಚನೆಯು ಸದ್ಭಾವದಿಂದ ಬಂದದ್ದು. ಆದರೆ ಅದನ್ನು ಮಾಡತಕ್ಕದ್ದೋ ಬಿಡತಕ್ಕದ್ದೋ, ಮಾಡುವದಾದರೆ ಯಾರಿಗೆ, ಯಾವ ಕ್ರಮದಿಂದ ಎಂಬುದನ್ನು ವಿಚಾರಿಸದೆ ಕೈಹಚ್ಚುವದು ಮಠದ ಹಿರಿತನಕ್ಕೆ ತಕ್ಕದ್ದಲ್ಲ. ಆ ವಿಚಾರವನ್ನೇ ಇಂದು ನಿಮ್ಮ ಮುಂದೆ ಇಡುವೆನು.

ಮೊದಲು ರೋಗದ ಸ್ವರೂಪವನ್ನು ತಿಳಿದುಕೊಳ್ಳೋಣ. ಹೃದಯದಿಂದ ಹೊರಟ ರಕ್ತವು ಒಂದು ದೊಡ್ಡ ಕೊಳವೆಯ ಮೂಲಕ ಸರ್ವಾಂಗಕ್ಕೂ ಹರಿಯುವದು. ಇದಕ್ಕೆ ಮಹಾಧಮನಿಯೆಂದು ಹೆಸರು. ಅದು ಎದೆಯಿಂದ ಇಳಿದು, ಬೆನ್ನೆಲುಬಿನ ಮುಂಭಾಗದಲ್ಲಿ ಹೊಟ್ಟೆಯೊಳಗೆ ಹರಿದು, ಹೊಕ್ಕಳದ ಸಮೀಪದಲ್ಲಿ ಎರಡು ಕವಲಾಗಿ ಕಾಲುಗಳ ಕಡೆಗೆ ಸಾಗುವದು. ಹೊಟ್ಟೆಯೊಳಗಿನ ಈ ಭಾಗದ ಅಗಲವು ವಯಸ್ಕ ಗಂಡಸಿನಲ್ಲಿ ಸುಮಾರು 2 ಸೆಂಟಿಮೀಟರು. ವಯಸ್ಸಾದಂತೆ ಕೆಲವರಲ್ಲಿ ಅದರ ಗೋಡೆಯು ಸವೆದು, ಬಲಗುಂದಿ, ಒಂದೆಡೆಯಲ್ಲಿ ಹೊರಕ್ಕೆ ಉಬ್ಬತೊಡಗುವದು. ಅಗಲವು 3 ಸೆಂಟಿಮೀಟರು ಮುಟ್ಟಿತೆಂದರೆ ವೈದ್ಯರು ಅದನ್ನು ಊತವೆಂದು ಕರೆಯುವರು. ಅವರ ಭಾಷೆಯಲ್ಲಿ ಅದಕ್ಕೆ ಅನ್ಯೂರಿಸಮ್ ಎಂದು ಹೆಸರು.

ಸೈಕಲ್ಲಿನ ಹಳೆಯ ಟ್ಯೂಬಿನಲ್ಲಿ ಒಂದು ಕಡೆ ರಬ್ಬರು ತೆಳುವಾದರೆ ಅಲ್ಲಿ ಗುಳ್ಳೆಯೇಳುವದನ್ನು ನೀವೆಲ್ಲರೂ ಕಂಡಿರುವಿರಿ. ಗುಳ್ಳೆಯು ದೊಡ್ಡದಾದಷ್ಟೂ ಅಲ್ಲಿಯ ರಬ್ಬರಿನ ಮೇಲಿನ ಬಿಗಿತ ಹೆಚ್ಚುವದು. ಬಿಗಿತ ಹೆಚ್ಚಿದಷ್ಟೂ ಅದು ಇನ್ನೂ ತೆಳುವಾಗುವದು. ಧಮನಿಯ ನಿಯಮವೂ ಇದೇ. ಸವದತ್ತಿ ರಾಮದುರ್ಗಗಳ ರೈತರಿಗೆ ಇನ್ನೊಂದು ದೃಷ್ಟಾಂತವನ್ನು ಹೇಳಬಹುದು. ನವಿಲುತೀರ್ಥದ ಆಣೆಕಟ್ಟಿನಿಂದ ಬರುವ ಕಾಲುವೆಯ ಏರಿಯು ಒಡೆಯುವದಕ್ಕೆ ಮುನ್ನ ಒಂದೆಡೆ ಜಗ್ಗಿ, ಉಬ್ಬಿ, ಒಸರಲು ಹತ್ತುವದು. ಏರಿಯ ಮೇಲೆ ನಡೆದು ನೋಡುವವನು ಇದ್ದರೆ ಒಂದು ಬುಟ್ಟಿ ಮಣ್ಣಿನಿಂದ ಮುಗಿಯುವ ಕೆಲಸವು, ನೋಡುವವನಿಲ್ಲದಿದ್ದರೆ ಊರ ಬೆಳೆಯನ್ನೇ ನುಂಗುವದು. ಮಹಾಧಮನಿಯ ಏರಿಯ ಮೇಲೆ ನಡೆದು ನೋಡುವದಕ್ಕೇ ಸ್ಕ್ಯಾನಿಂಗ್ ಎಂದು ಹೆಸರು.

ಈ ರೋಗದ ದೊಡ್ಡ ಕೇಡೆಂದರೆ ಅದರ ಮೌನ. ಬಹುತೇಕರಿಗೆ ನೋವಿಲ್ಲ, ಜ್ವರವಿಲ್ಲ, ಹಸಿವು ಕೆಡುವದಿಲ್ಲ. ಮುತ್ಯಾ ಹೊಲಕ್ಕೆ ಹೋಗಿ ಬರುವನು, ಲಿಂಗಪೂಜೆ ಮಾಡಿಕೊಳ್ಳುವನು, ಉಂಡು ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುವನು. ಒಳಗೆ ಧಮನಿಯು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿರುವದು. ಒಂದು ದಿನ ಅದು ಒಡೆದರೆ ಹೊಟ್ಟೆಯಲ್ಲಾಗಲಿ ನಡದಲ್ಲಾಗಲಿ ಬೆನ್ನಿನಲ್ಲಾಗಲಿ ತಡೆಯಲಾರದ ನೋವೆದ್ದು, ಮೈ ಬೆವರಿ, ಕಣ್ಣು ಕತ್ತಲೆಗೂಡಿ, ಮನುಷ್ಯನು ಕುಸಿಯುವನು. ಒಡೆದವರಲ್ಲಿ 10ಕ್ಕೆ ಸುಮಾರು 8 ಮಂದಿ ಆಸ್ಪತ್ರೆಯನ್ನು ಮುಟ್ಟುವ ಮೊದಲೇ, ಇಲ್ಲವೆ ಶಸ್ತ್ರಚಿಕಿತ್ಸೆಯಿಂದಲೂ ಉಳಿಯದೆ ತೀರಿಕೊಳ್ಳುವರು.

ಇಂಥ ಮರಣವು ನಮ್ಮ ಊರುಗಳಲ್ಲಿ ಯಾವ ಹೆಸರಿನಿಂದ ನಡೆಯುವದು? ವಾಯುವಾಯಿತು, ನಡ ಹಿಡಿಯಿತು, ಕಲ್ಲಿನ ಬ್ಯಾನಿಯೆದ್ದಿತು, ಎದೆ ನಿಂತಿತು ಎಂಬ ಮಾತಿನೊಡನೆ ಮಣ್ಣು ಮುಗಿಯುವದು. ಮತ್ತೊಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಹೊಟ್ಟೆ ನೊಂದರೆ ‘ಬಟ್ಟಿ ಸರಿದಿದೆ’ ಎಂದು, ಹೊಕ್ಕಳದ ಸುತ್ತಲು ಬೆರಳೂರಿ, ಬಡಿತವು ಎಲ್ಲಿದೆಯೆಂದು ಹುಡುಕಿ, ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ಪದ್ಧತಿಯು ನಮ್ಮಲ್ಲುಂಟು. ಬೆರಳಿಗೆ ಸಿಕ್ಕುವ ಆ ಬಡಿತವು ಮಹಾಧಮನಿಯ ಬಡಿತವೇ ಆಗಿರುವದು. ತೆಳ್ಳಗಿನ ಮೈಯವರಲ್ಲಿ ಅದು ಕೈಗೆ ಸಿಕ್ಕುವದು ಸ್ವಾಭಾವಿಕ; ಅದರಿಂದ ಯಾರೂ ಅಂಜಬೇಕಾದದ್ದಿಲ್ಲ. ಆದರೆ ಬೀಡಿ ಸೇದಿ ಮುಪ್ಪಾದ ಗಂಡಸಿನ ಹೊಟ್ಟೆಯಲ್ಲಿ ಅಗಲವಾದ, ಬಡಿಯುವ ಗಂಟೊಂದು ಸಿಕ್ಕಿದರೆ ಅದನ್ನು ತಿಕ್ಕುವದು ಅಪಾಯಕಾರಿ. ಬಟ್ಟಿ ನೋಡುವ ಹಿರಿಯರು ನಮ್ಮ ಭಕ್ತರಲ್ಲಿಯೇ ಇದ್ದಾರೆ. ಅವರ ಬೆರಳಿನ ಅನುಭವವನ್ನು ಹಳಿಯುವದು ನನ್ನ ಉದ್ದೇಶವಲ್ಲ. ಅಂಥ ಗಂಟನ್ನು ಕಂಡೊಡನೆ ಕೈ ಹಿಂದೆಗೆದು ಆಸ್ಪತ್ರೆಗೆ ಕಳಿಸಿಕೊಡಬೇಕೆಂದು ಅವರನ್ನು ಕೈಮುಗಿದು ಬೇಡುವೆನು. ಆಗ ಆ ಬೆರಳೇ ಒಂದು ಪ್ರಾಣವನ್ನು ಉಳಿಸೀತು.

ಪ್ರಾಚೀನರು ಇದನ್ನು ಬಲ್ಲರೇ ಎಂದು ಕೇಳುವವರುಂಟು. ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ಗ್ರಂಥಿಗಳನ್ನು ವಿವರಿಸುವಾಗ ಸಿರಾಜಗ್ರಂಥಿಯೆಂಬುದೊಂದನ್ನು ಹೇಳಿರುವರು. ಬಲಹೀನನು ಅತಿಶ್ರಮಪಟ್ಟಾಗ ವಾಯುವು ಸಿರೆಗಳನ್ನು ಕೆಡಿಸಿ ಹುಟ್ಟಿಸುವ ದುಂಡಾದ ಗಂಟು ಅದು. ನೋವುಳ್ಳದ್ದೂ ಚಲಿಸುವಂಥದ್ದೂ ಆದರೆ ಕಷ್ಟದಿಂದ ಗುಣವಾದೀತು; ನೋವಿಲ್ಲದೆ, ಅಲುಗದೆ, ದೊಡ್ಡದಾಗಿ, ಮರ್ಮಸ್ಥಾನದಲ್ಲಿ ಎದ್ದದ್ದಾದರೆ ಚಿಕಿತ್ಸಕನು ಅದನ್ನು ಬಿಡತಕ್ಕದ್ದು ಎಂಬುದು ಅವರ ಅಭಿಪ್ರಾಯ. ಶಾರೀರಸ್ಥಾನದಲ್ಲಿ ಅವರೇ ನಾಭಿಯನ್ನು ಸಿರಾಮರ್ಮವೆಂದೂ, ಪೆಟ್ಟಾದರೆ ಕೂಡಲೇ ಪ್ರಾಣ ತೆಗೆಯುವಂಥದ್ದೆಂದೂ ಎಣಿಸಿರುವರು. ಇವೆರಡನ್ನೂ ಜೋಡಿಸಿ, ಇಂದಿನ ವೈದ್ಯರು ಹೇಳುವದೆಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇದ್ದಿತೆಂದು ಸಾಧಿಸುವದು ಪಾಂಡಿತ್ಯವೂ ಅಲ್ಲ, ಸತ್ಯವೂ ಅಲ್ಲ. ಹೊಟ್ಟೆಯೊಳಗಿನ ಮಹಾಧಮನಿಯನ್ನು ಹೊರಗಿನಿಂದ ಅಳೆಯುವ ಸಾಧನವು ಅವರಲ್ಲಿರಲಿಲ್ಲ. ಆದರೂ ನೋವಿಲ್ಲದ ದೊಡ್ಡ ಗಂಟನ್ನು ನೋವುಳ್ಳ ಸಣ್ಣ ಗಂಟಿಗಿಂತ ಹೆಚ್ಚು ಭಯಂಕರವೆಂದು ತಿಳಿದ ಅವರ ವಿವೇಕವನ್ನು ನಾವು ಕಲಿಯಬೇಕಾಗಿದೆ. ‘ನನಗೇನೂ ನೋವಿಲ್ಲ, ಆದುದರಿಂದ ನನಗೇನೂ ಆಗಿಲ್ಲ’ ಎಂಬುದೇ ನಮ್ಮ ಹಿರಿಯರ ನಿತ್ಯದ ಮಾತಲ್ಲವೇ?

ಇನ್ನು ಕಾರಣಗಳು. ಮೊದಲನೆಯದು ಮುಪ್ಪು. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ಸರಾಸರಿ ಆಯುಷ್ಯವು ಸುಮಾರು 32 ವರ್ಷಗಳಷ್ಟೇ ಆಗಿದ್ದಿತು. ಈಗ ಅದು 70ರ ಸಮೀಪಕ್ಕೆ ಬಂದಿದೆ. ಪ್ಲೇಗು ಕಾಲರಾಗಳಿಂದ ಎಷ್ಟೋ ಜನರು ನಡುವಯಸ್ಸನ್ನೂ ಕಾಣದೆ ಹೋಗುತ್ತಿದ್ದ ಕಾಲದಲ್ಲಿ ಮುಪ್ಪಿನ ರೋಗಗಳ ಚಿಂತೆಗೆ ಆಸ್ಪದವೇ ಕಡಿಮೆ. ಈಗ ಮನೆಮನೆಯಲ್ಲಿಯೂ 65 ದಾಟಿದವರು ಇರುವದರಿಂದ ಈ ಚಿಂತೆಯೂ ನಮ್ಮ ಪಾಲಿಗೆ ಬಂದಿದೆ. ಎರಡನೆಯದು ಗಂಡುಜನ್ಮ, ಹೆಂಗಸರಿಗಿಂತ ಗಂಡಸರಲ್ಲಿ ಈ ಊತವು ಹಲವು ಪಟ್ಟು ಹೆಚ್ಚು. ಮೂರನೆಯದು ವಂಶ; ತಂದೆಗಾಗಲಿ ಒಡಹುಟ್ಟಿದವರಿಗಾಗಲಿ ಇದ್ದರೆ ಸಂಭವವು ಅಧಿಕ. ನಾಲ್ಕನೆಯದು ರಕ್ತದೊತ್ತಡ. ಐದನೆಯದು ಮತ್ತು ಎಲ್ಲಕ್ಕೂ ಮುಖ್ಯವಾದದ್ದು ತಂಬಾಕಿನ ಹೊಗೆ. ವಯಸ್ಸನ್ನಾಗಲಿ, ವಂಶವನ್ನಾಗಲಿ ನಾವು ಬದಲಿಸಲಾರೆವು, ಹೊಗೆಯನ್ನು ಬಿಡಬಲ್ಲೆವು. ಹೊಗೆಯು ಧಮನಿಯ ಗೋಡೆಯೊಳಗಿನ ಜಗ್ಗುವ ತಂತುಗಳನ್ನು ತಿಂದು ಹಾಕುವದು. ಇದ್ದ ಊತವನ್ನು ಬೇಗನೆ ಬೆಳೆಯಿಸುವದು. ಒಡೆಯುವ ಸಂಭವವನ್ನು ಹೆಚ್ಚಿಸುವದು.

ನಮ್ಮ ಜಿಲ್ಲೆಗೂ ತಂಬಾಕಿಗೂ ಇರುವ ನಂಟು ಹಳೆಯದು. ನಿಪ್ಪಾಣಿಯ ಬೀಡಿ ತಂಬಾಕು ದೇಶಕ್ಕೇ ಹೆಸರಾದದ್ದು. ಅದನ್ನು ಬೆಳೆದವರ ಕಷ್ಟವೂ ಚಿಕ್ಕದಲ್ಲ. 1981ರಲ್ಲಿ ತಕ್ಕ ಬೆಲೆಯ ಸಲುವಾಗಿ ಅಲ್ಲಿಯ ರೈತರು ಹೋರಾಡಿ, ಪೋಲೀಸರ ಗುಂಡಿಗೆ ಬಲಿಯಾದ ಸಂಗತಿಯನ್ನು ಹಿರಿಯರು ಮರೆತಿಲ್ಲ. ಬೆಳೆಯುವವನಿಗೂ ಸುಖವಿಲ್ಲ, ಸೇದುವವನಿಗೂ ಸುಖವಿಲ್ಲವೆಂಬಂಥ ಬೆಳೆಯಿದು. 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಮೇರೆಗೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಉಪಯೋಗಿಸುತ್ತಿದ್ದರು.

ಈಗ ಪರೀಕ್ಷೆಯ ವಿಷಯ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗನ್ನು ಎಲ್ಲರೂ ಬಲ್ಲರು. ಅದೇ ಯಂತ್ರದಿಂದಲೇ, ಹೊಟ್ಟೆಯ ಮೇಲೆ ಅಂಟಿನಂಥ ದ್ರವವನ್ನು ಸವರಿ, ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಕಳಿಸಿ, ಮಹಾಧಮನಿಯ ಅಗಲವನ್ನು ಅಳೆಯುವರು. ಸೂಜಿಯಿಲ್ಲ, ನೋವಿಲ್ಲ, ಕ್ಷಕಿರಣವೂ ಇಲ್ಲ. 10 ನಿಮಿಷಗಳ ಕೆಲಸ.

ಇಂಗ್ಲೆಂಡಿನಲ್ಲಿ ಇದನ್ನು ಕ್ರಮವಾಗಿ ಪರೀಕ್ಷಿಸಿ ನೋಡಿರುವರು. 65ರಿಂದ 74ರ ವಯಸ್ಸಿನ ಸುಮಾರು 67,800 ಗಂಡಸರನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ತಪಾಸಣೆಯ ಕರೆ ಕಳಿಸಿ, ಇನ್ನೊಂದಕ್ಕೆ ಕಳಿಸದೆ, ನಾಲ್ಕು ವರ್ಷಗಳ ಫಲವನ್ನು 2002ರಲ್ಲಿ ಪ್ರಕಟಿಸಿದರು. ಕರೆ ಹೋದ 33,839 ಮಂದಿಯಲ್ಲಿ 27,147 ಮಂದಿ ಬಂದರು; 1,333 ಮಂದಿಯಲ್ಲಿ ಊತವು ಕಂಡಿತು. ಕರೆ ಹೋದ ಗುಂಪಿನಲ್ಲಿ ಈ ರೋಗದಿಂದ 65 ಮಂದಿಯೂ, ಕರೆ ಹೋಗದ ಗುಂಪಿನಲ್ಲಿ 113 ಮಂದಿಯೂ ಮೃತರಾದರು. ಲೆಕ್ಕ ಹಾಕಿದರೆ ಸುಮಾರು 700 ಮಂದಿಯನ್ನು ಕರೆದುದರಿಂದ ನಾಲ್ಕು ವರ್ಷಗಳಲ್ಲಿ ಒಬ್ಬನ ಪ್ರಾಣ ಉಳಿದಂತಾಯಿತು. ಈ ಆಧಾರದ ಮೇಲೆ 2009ರಿಂದ ಆರಂಭಿಸಿ 2013ರ ಹೊತ್ತಿಗೆ ಇಂಗ್ಲೆಂಡಿನಲ್ಲೆಲ್ಲ 65 ತುಂಬುವ ಪ್ರತಿಯೊಬ್ಬ ಗಂಡಸಿಗೂ ಸರಕಾರದ ಖರ್ಚಿನಿಂದಲೇ ತಪಾಸಣೆಯ ಕರೆ ಹೋಗತೊಡಗಿತು. ಸ್ವೀಡನ್ ದೇಶವೂ ಹೀಗೆಯೇ ಮಾಡಿತು. ಅಮೇರಿಕೆಯ ತಜ್ಞಮಂಡಲವು ಮಾತ್ರ 2005ರಲ್ಲಿ ಬೇರೆ ದಾರಿ ಹಿಡಿದು, 65ರಿಂದ 75ರೊಳಗಿನ, ಎಂದಾದರೂ ಹೊಗೆ ಸೇದಿದ ಗಂಡಸರಿಗೆ ಒಂದು ಸಲ ಪರೀಕ್ಷೆಯಾಗಲಿ ಎಂದು ಸಲಹೆಯಿತ್ತಿತು.

ಊತವು ಕಂಡೊಡನೆ ಶಸ್ತ್ರಚಿಕಿತ್ಸೆಯಲ್ಲ. ಇಂಗ್ಲೆಂಡಿನ ಕ್ರಮವು ಹೀಗಿದೆ: ಅಗಲವು 3 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮತ್ತೆ ಬರುವ ಕಾರಣವಿಲ್ಲ, 3ರಿಂದ 4.4ರ ವರೆಗೆ ವರ್ಷಕ್ಕೊಮ್ಮೆ ಅಳತೆ; 4.5ರಿಂದ 5.4ರ ವರೆಗೆ ಮೂರು ತಿಂಗಳಿಗೊಮ್ಮೆ; 5.5 ಮುಟ್ಟಿದರೆ ರಕ್ತನಾಳಗಳ ಶಸ್ತ್ರವೈದ್ಯರಲ್ಲಿಗೆ. ಅದಕ್ಕಿಂತ ಸಣ್ಣ ಊತಗಳನ್ನು ಅವಸರದಿಂದ ಕೊಯ್ಯುವದಕ್ಕಿಂತ ಅಳೆಯುತ್ತ ಕಾಯುವದೇ ಕ್ಷೇಮವೆಂದು 1998ರಲ್ಲಿ ಪ್ರಕಟವಾದ ಅಲ್ಲಿಯ ಇನ್ನೊಂದು ಪರೀಕ್ಷೆಯು ತೋರಿಸಿತು.

ಚಿಕಿತ್ಸೆಯ ಇತಿಹಾಸವೂ ಚಿಕ್ಕದೇ. ಜಗತ್ಪ್ರಸಿದ್ಧ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿ ಈ ಊತವು 1948ರಲ್ಲಿ ಕಂಡಾಗ, ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಕೂಡಿಸುವ ವಿದ್ಯೆಯು ಇನ್ನೂ ಇರಲಿಲ್ಲ; ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಊತದ ಸುತ್ತಲು ಸೆಲ್ಲೋಫೇನ್ ಹಾಳೆಯನ್ನು ಸುತ್ತಿ ಮುಚ್ಚಿದರು. 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋಸ್ತ್ ಎಂಬವರು ಕೆಟ್ಟ ಭಾಗವನ್ನು ಕತ್ತರಿಸಿ ಬೇರೊಂದು ಧಮನಿಯನ್ನು ಜೋಡಿಸಿದರು. 1955ರಲ್ಲಿ ಐನ್‌ಸ್ಟೈನರ ಊತವು ಒಡೆಯಿತು. ಶಸ್ತ್ರಚಿಕಿತ್ಸೆಯನ್ನು ಅವರು ಒಲ್ಲೆನೆಂದು, ತಮ್ಮ 76ನೆಯ ವಯಸ್ಸಿನಲ್ಲಿ ಶಾಂತರಾಗಿ ಪ್ರಾಣ ಬಿಟ್ಟರು. 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋದಿಯವರು ಹೊಟ್ಟೆಯನ್ನು ಕೊಯ್ಯದೆಯೇ ತೊಡೆಯ ಧಮನಿಯ ಮೂಲಕ ಬಟ್ಟೆಯ ಕೊಳವೆಯನ್ನು ಒಳಸೇರಿಸಿ ಕೂಡಿಸುವ ಉಪಾಯವನ್ನು ಮಾಡಿ ತೋರಿಸಿದರು. ಈಗ ಈ ಎರಡೂ ವಿಧಾನಗಳು ನಮ್ಮ ದೇಶದಲ್ಲಿಯೂ ನಡೆಯುತ್ತಿವೆ.

ಶರಣಬಂಧುಗಳೇ, ಇಷ್ಟನ್ನು ಕೇಳಿದ ಮೇಲೆ ‘ಹಾಗಾದರೆ ತಡವೇಕೆ, ಎಲ್ಲರನ್ನೂ ಸಾಲಾಗಿ ಮಲಗಿಸಿ ಪರೀಕ್ಷಿಸಿಬಿಡೋಣ’ ಎಂದು ಯಾರಿಗಾದರೂ ಅನಿಸಬಹುದು. ಇಲ್ಲಿಯೇ ನಿಂತು ವಿಚಾರಿಸಬೇಕಾಗಿದೆ.

ಪ್ರಥಮತಃ, ಇಂಗ್ಲೆಂಡಿನ ಅಂಕಿಗಳನ್ನು ತಂದು ಬೈಲಹೊಂಗಲಕ್ಕೆ ಹಾಗೆಯೇ ಹಚ್ಚಲಾಗದು. ಅಲ್ಲಿಯೇ ನೆಲೆಸಿದ ಭಾರತೀಯ ಮೂಲದ ಗಂಡಸರನ್ನು ಪರೀಕ್ಷಿಸಿದಾಗ, ಬಿಳಿಯರಿಗಿಂತ ಅವರಲ್ಲಿ ಈ ಊತವು ಬಹಳೇ ಕಡಿಮೆಯೆಂದು ಕಂಡುಬಂದಿದೆ. ನಮ್ಮ ದೇಶದಲ್ಲಿ ಸರಕಾರದ ವತಿಯಿಂದ 30 ವರ್ಷ ಮೀರಿದವರಿಗೆ ರಕ್ತದೊತ್ತಡ, ಮಧುಮೇಹ ಹಾಗೂ ಕೆಲವು ಕ್ಯಾನ್ಸರುಗಳ ತಪಾಸಣೆಯಿದೆ. ಮಹಾಧಮನಿಯ ಸಾಮೂಹಿಕ ತಪಾಸಣೆಯಿಲ್ಲ. ಆ ಮೊದಲಿನ ತಪಾಸಣೆಗಳಿಗೇ ಹೋಗದಿರುವ ಮುದುಕನನ್ನು ಇದೊಂದಕ್ಕೆ ಮಾತ್ರ ಎಳೆದು ತರುವದು ಬುಡವನ್ನು ಬಿಟ್ಟು ಕೊಂಬೆಗೆ ನೀರೆರೆದಂತೆ.

ಎರಡನೆಯದಾಗಿ, ರೋಗವೇ ಕಡಿಮೆಯಾದರೆ ತಪಾಸಣೆಯ ಫಲವೂ ಕಡಿಮೆಯಾಗುವದು. ಇಂಗ್ಲೆಂಡಿನ ಆ ಮೊದಲಿನ ಪರೀಕ್ಷೆಯಲ್ಲಿ 100ಕ್ಕೆ ಸುಮಾರು 5 ಮಂದಿಯಲ್ಲಿ ಕಂಡ ಊತವು ಈಗ ಅಲ್ಲಿ 65 ತುಂಬಿದವರಲ್ಲಿ 100ಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಕಾಣುತ್ತಿದೆ. ವಯಸ್ಸಿನ ಅಂತರವನ್ನು ಎಣಿಸಿಯೂ ಇದು ದೊಡ್ಡ ಇಳಿತ; ಅಲ್ಲಿಯ ಜನ ಸಿಗರೇಟನ್ನು ಬಿಡುತ್ತ ಬಂದದ್ದೇ ಇದರ ಮುಖ್ಯ ಕಾರಣ. ಸ್ವೀಡನ್ನಿನ ಅಂಕಿಗಳನ್ನು ಪರಿಶೀಲಿಸಿದ ವಿದ್ವಾಂಸರು 2018ರಲ್ಲಿ, ತಪಾಸಣೆಯಿಂದಾದ ಲಾಭವು ಅಲ್ಪವೆಂದೂ, ಮರಣಗಳು ಇಳಿದದ್ದು ಬಹುಮಟ್ಟಿಗೆ ಹೊಗೆ ಬಿಟ್ಟದ್ದರಿಂದಲೇ ಎಂದೂ ಹೇಳಿದರು. ಎಂದ ಮೇಲೆ ಯಂತ್ರಕ್ಕಿಂತ ದೊಡ್ಡ ಔಷಧವು ಬೀಡಿಯ ಕಟ್ಟನ್ನು ಕೆಳಗಿಡುವದೇ ಆಗಿದೆ.

ಮೂರನೆಯದಾಗಿ, ತಪಾಸಣೆಗೂ ತನ್ನದೇ ಆದ ಹಾನಿಯುಂಟು. ಎಂದಿಗೂ ಒಡೆಯದ ಸಣ್ಣ ಊತವನ್ನು ಕಂಡುಹಿಡಿದು ಹೇಳಿದರೆ, ಆ ಮನುಷ್ಯನು ಉಳಿದ ಆಯುಷ್ಯವನ್ನೆಲ್ಲ ಅಂಜಿಕೆಯಲ್ಲಿ ಕಳೆಯಬಹುದು. ಶಸ್ತ್ರಚಿಕಿತ್ಸೆಯಲ್ಲಿಯೇ ಕೆಲವರು ಮೃತರಾಗುವರು. 2002ರ ಆ ಪರೀಕ್ಷೆಯಲ್ಲಿ ಮೊದಲೇ ಗೊತ್ತುಮಾಡಿಕೊಂಡು ಶಸ್ತ್ರಚಿಕಿತ್ಸೆಗೊಳಗಾದ 414 ಮಂದಿಯಲ್ಲಿ 24 ಮಂದಿ 30 ದಿನಗಳೊಳಗೆ ತೀರಿಕೊಂಡರು. ತುರ್ತಾಗಿ ಕೊಯ್ಯಬೇಕಾದ 81 ಮಂದಿಯಲ್ಲಿ ತೀರಿದವರು 30 ಎಂಬುದನ್ನು ಇದರೊಡನೆ ಹೋಲಿಸಿದರೆ ಮೊದಲೇ ತಿಳಿಯುವದರ ಲಾಭವು ಸ್ಪಷ್ಟವಾಗುವದು. ಆದರೂ ಆ 24 ಮಂದಿಯಲ್ಲಿ ಯಾರಿಗೂ ಶಸ್ತ್ರಚಿಕಿತ್ಸೆಯ ಹಿಂದಿನ ದಿನದ ವರೆಗೆ ಊತವು ಒಡೆದಿರಲಿಲ್ಲವೆಂಬುದನ್ನು ಮರೆಯಬಾರದು.

ನಾಲ್ಕನೆಯದಾಗಿ, ಕಾನೂನಿನ ಮಾತು. ಗರ್ಭದಲ್ಲಿಯ ಹೆಣ್ಣುಕೂಸನ್ನು ಹುಡುಕಿ ಕೊಲ್ಲುವ ಪಾಪವನ್ನು ತಡೆಯುವ ಸಲುವಾಗಿ 1994ರಲ್ಲಿ ಆದ ಕಾಯ್ದೆಯು ಪ್ರತಿಯೊಂದು ಸ್ಕ್ಯಾನಿಂಗ್ ಯಂತ್ರವನ್ನೂ ನೋಂದಾಯಿಸತಕ್ಕದ್ದೆಂದು ವಿಧಿಸಿದೆ. ನೋಂದಾಯಿಸಿದ ಸ್ಥಳದಿಂದ ಯಂತ್ರವನ್ನು ಮನಬಂದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಮಠದ ಅಂಗಳಕ್ಕೆ ಯಂತ್ರವನ್ನು ತರಿಸುವ ಮಾತು ಸುಲಭವಾಗಿ ಆಡಬಹುದಾದರೂ ಸುಲಭವಾಗಿ ಆಗುವಂಥದ್ದಲ್ಲ. ಆ ಕಾಯ್ದೆಯು ಹೆಣ್ಣುಕೂಸಿನ ರಕ್ಷಣೆಗಾಗಿ ಇರುವದರಿಂದ, ಹೆಣ್ಣುಗಂಡೆಂಬ ಭೇದವನ್ನಳಿದ ಶರಣರ ಮಠವು ಅದನ್ನು ಮುರಿಯುವ ಮಾತನ್ನೇ ಆಡಬಾರದು. ಹಿರಿಯರೇ ಯಂತ್ರವಿದ್ದಲ್ಲಿಗೆ ಹೋಗತಕ್ಕದ್ದು.

ಐದನೆಯದು ಎಲ್ಲಕ್ಕೂ ಮಿಗಿಲಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ವಿದ್ವಾಂಸರು 1968ರಲ್ಲಿ ತಪಾಸಣೆಯ ತತ್ತ್ವಗಳನ್ನು ಬರೆದಿಟ್ಟರು. ಕಂಡ ರೋಗಕ್ಕೆ ಒಪ್ಪಿತವಾದ ಚಿಕಿತ್ಸೆಯಿರಬೇಕು, ಆ ಚಿಕಿತ್ಸೆಯು ಕೈಗೆಟುಕಬೇಕು, ತಪಾಸಣೆಯು ಒಂದು ದಿನದ ಕೆಲಸವಾಗದೆ ನಿರಂತರವಾಗಿ ನಡೆಯಬೇಕು ಎಂಬವು ಅವುಗಳಲ್ಲಿ ಕೆಲವು. ರಾಮದುರ್ಗದ ಹಳ್ಳಿಯೊಂದರ ಹಿರಿಯನಿಗೆ ‘ನಿನ್ನ ಹೊಟ್ಟೆಯೊಳಗೆ 4 ಸೆಂಟಿಮೀಟರಿನ ಊತವಿದೆ’ ಎಂದು ಹೇಳಿ, ಫಲಾಹಾರವನ್ನು ಕೊಟ್ಟು, ಬಸ್ಸು ಹತ್ತಿಸಿ ಕಳಿಸಿದೆವೆನ್ನಿರಿ. ಮುಂದಿನ ವರ್ಷ ಅವನನ್ನು ಕರೆಯುವವರಾರು? ಊತವು ದೊಡ್ಡದಾದರೆ ಸುಮಾರು 100 ಕಿಲೋಮೀಟರು ದೂರದ ಬೆಳಗಾವಿಗೆ ಅವನೊಡನೆ ಹೋಗುವವರಾರು? ದಾಸೋಹವೆಂದರೆ ಬಂದವನ ಎಲೆಗೆ ಒಂದು ಸಲ ಬಡಿಸಿ ಪಂಕ್ತಿಯಿಂದ ಎಬ್ಬಿಸುವದಲ್ಲ. ಉಂಡು ತೃಪ್ತನಾಗುವ ವರೆಗೆ ನಿಂತು ನೋಡುವದು. ಕಂಡು ಕೈಬಿಡುವದಾದರೆ ಕಾಣದಿರುವದೇ ಲೇಸು.

ಇವೆಲ್ಲವನ್ನೂ ತೂಗಿ ನೋಡಿ ನಾನು ಮುಟ್ಟಿದ ನಿರ್ಣಯವಿದು: ಒಂದು ದಿನದ ದೊಡ್ಡ ಶಿಬಿರವು ಬೇಡ, ಆದರೆ ಸುಮ್ಮನಿರುವದೂ ಬೇಡ. ಯಾರಿಗೆ ಅಪಾಯವು ಹೆಚ್ಚೋ ಅವರಿಗೆ, ಸಾವಕಾಶವಾಗಿ, ಕೊನೆಯ ವರೆಗೆ ಕೈಬಿಡದಂತೆ ಮಾಡೋಣ. ಅದರ ಕ್ರಮವನ್ನು ನಾಲ್ಕು ಮಾತುಗಳಲ್ಲಿ ಹೇಳುವೆನು.

ಮೊದಲು ಪ್ರತಿಯೊಂದು ಊರಿನ ಭಕ್ತಮಂಡಳಿಯವರು 65ರಿಂದ 75ರ ವಯಸ್ಸಿನ, ಬೀಡಿ, ಸಿಗರೇಟು, ಚಿಲುಮೆಗಳನ್ನು ಸೇದುತ್ತಿರುವ ಅಥವಾ ಹಿಂದೆ ಸೇದಿ ಬಿಟ್ಟಿರುವ ಗಂಡಸರ ಪಟ್ಟಿಯೊಂದನ್ನು ಮಾಡತಕ್ಕದ್ದು. ತಂದೆಗಾಗಲಿ ಒಡಹುಟ್ಟಿದವರಿಗಾಗಲಿ ಈ ಊತವಿದ್ದವರನ್ನೂ ಸೇರಿಸತಕ್ಕದ್ದು. ಪಟ್ಟಿಯು ಗುಪ್ತವಾಗಿರಲಿ, ಅದು ಚಾವಡಿಯ ಹರಟೆಗೆ ಹೋಗಬಾರದು.

ಎರಡನೆಯದು, ಪಟ್ಟಿಯಲ್ಲಿರುವವರು ಮೊದಲು ತಮ್ಮ ಸಮೀಪದ ಸರಕಾರಿ ವೈದ್ಯರನ್ನು ಕಂಡು ಬಿ.ಪಿ.ಯನ್ನೂ ಸಕ್ಕರೆಯನ್ನೂ ನೋಡಿಸಿಕೊಳ್ಳಲಿ. ಪರೀಕ್ಷೆಯ ಲಾಭವನ್ನೂ ಹಾನಿಯನ್ನೂ ವೈದ್ಯರ ಬಾಯಿಂದಲೇ ಕೇಳಿ, ಒಪ್ಪಿದವರು ಮಾತ್ರ ಮುಂದೆ ಹೋಗಲಿ. ಮಗನ ಒತ್ತಾಯಕ್ಕಾಗಲಿ ಮಠದ ಮುಲಾಜಿಗಾಗಲಿ ಯಾರೂ ಒಳಗಾಗಬಾರದು.

ಮೂರನೆಯದು, ಒಪ್ಪಿದವರನ್ನು ವಾರಕ್ಕೆ ಹತ್ತು ಹದಿನೈದು ಮಂದಿಯಂತೆ ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರಕ್ಕೆ ಕರೆದೊಯ್ದು, ಬಂದ ಅಳತೆಯನ್ನೂ ಮುಂದಿನ ತಾರೀಖನ್ನೂ ಕನ್ನಡದಲ್ಲಿ ಬರೆದ ಕಾರ್ಡೊಂದನ್ನು ಅವರವರ ಕೈಗೆ ಕೊಡತಕ್ಕದ್ದು. ಮಠದ ಪುಸ್ತಕದಲ್ಲಿಯೂ ಆ ತಾರೀಖು ಇರಲಿ. ಜಾತ್ರೆಯ ತಿಥಿಯನ್ನು ಮರೆಯದ ನಾವು ಒಬ್ಬ ಹಿರಿಯನ ಅಳತೆಯ ತಿಥಿಯನ್ನು ಮರೆಯಬೇಕಾದದ್ದಿಲ್ಲ.

ನಾಲ್ಕನೆಯದು, ದೊಡ್ಡ ಊತವು ಕಂಡವರೊಡನೆ ಬೆಳಗಾವಿಗಾಗಲಿ ಹುಬ್ಬಳ್ಳಿ-ಧಾರವಾಡಕ್ಕಾಗಲಿ ಹೋಗತಕ್ಕ ಒಬ್ಬ ತಿಳುವಳಿಕೆಯುಳ್ಳ ತರುಣನನ್ನು ಪ್ರತಿ ತಾಲೂಕಿಗೂ ಗೊತ್ತುಮಾಡಬೇಕು. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯ ಮೇರೆಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ನೆರವಿದೆ. ಅದಕ್ಕೆ ಬೇಕಾಗುವ ಕಾಗದಪತ್ರಗಳನ್ನು ಆ ತರುಣನು ಸಿದ್ಧಪಡಿಸಿ ಕೊಡಲಿ. ಮಹೋತ್ಸವದ ನಿಧಿಯಲ್ಲಿ ಒಂದು ಭಾಗವನ್ನು ಇದಕ್ಕೆಂದೇ ತೆಗೆದಿಟ್ಟು, ಅದನ್ನು ಮಂಟಪ ಮೆರವಣಿಗೆಗಳಿಗೆ ಮುಟ್ಟಬಾರದೆಂದು ಶ್ರೀಗಳವರ ಅಪ್ಪಣೆಯಾಗಲಿ ಎಂದು ಪ್ರಾರ್ಥಿಸುವೆನು.

ಪಟ್ಟಿಯೂ ಪರೀಕ್ಷೆಯೂ ನಡೆಯುವ ಮೊದಲೇ, ಈ ರಾತ್ರಿಯಿಂದಲೇ ನೆನಪಿಡಬೇಕಾದದ್ದು ಒಂದಿದೆ. ಬೀಡಿ ಸೇದಿದ ಮುಪ್ಪಿನ ಗಂಡಸಿಗೆ ಹೊಟ್ಟೆ, ನಡ, ಬೆನ್ನುಗಳಲ್ಲಿ ಒಮ್ಮೆಲೆ ಘೋರವಾದ ನೋವೆದ್ದು, ಬೆವರಿ ಕಣ್ಣು ಕತ್ತಲೆ ಬಂದರೆ, ಬಟ್ಟಿ ತಿಕ್ಕಬೇಡಿರಿ, ಕಾಸಬೇಡಿರಿ, ಕಷಾಯ ಕುಡಿಸುತ್ತ ಬೆಳಗಿನ ದಾರಿ ಕಾಯಬೇಡಿರಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆ ಮುಟ್ಟಿದ ಕೂಡಲೇ ‘ಇವರಿಗೆ ಇಷ್ಟು ವಯಸ್ಸು, ಇಷ್ಟು ವರ್ಷ ಬೀಡಿ ಸೇದಿದವರು, ಮಹಾಧಮನಿಯೇನೋ ನೋಡಿರಿ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ. ಈ ಒಂದು ವಾಕ್ಯಕ್ಕೆ ಯಂತ್ರವೂ ಬೇಡ, ಹಣವೂ ಬೇಡ.

ತಂಬಾಕಿನ ವಿಷಯದಲ್ಲಿ ಮಠಗಳಿಗೆ ಮಾರ್ಗವು ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಳುಕಡಿಗಳ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಊರೂರು ತಿರುಗಿ ಬೀಡಿಯನ್ನೂ ಸೆರೆಯನ್ನೂ ಆ ಜೋಳಿಗೆಗೆ ಹಾಕಿಸಿಕೊಂಡರು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ನಮ್ಮ ಮಹೋತ್ಸವದಲ್ಲಿಯೂ ಅಂಥ ಜೋಳಿಗೆಯೊಂದು ಹೊರಡಲಿ. ಬಿಡಬೇಕೆಂದು ಮನಸ್ಸುಳ್ಳವರಿಗೆ ನೆರವಾಗಲು 1800-11-2356 ಎಂಬ ಸರಕಾರದ ಉಚಿತ ದೂರವಾಣಿಯೂ ಇದೆ. 65ರಲ್ಲಿ ಬಿಟ್ಟರೇನು ಫಲವೆಂದು ಕೇಳಬೇಡಿರಿ. ಇದ್ದ ಊತವೂ ಹೊಗೆ ಬಿಟ್ಟವನಲ್ಲಿ ಮೆಲ್ಲಗೆ ಬೆಳೆಯುವದು.

ಕೊನೆಯದಾಗಿ ನಮ್ಮ ಹಿರಿಯರಿಗೆ ಒಂದು ಬಿನ್ನಹ. ‘ಶಿವನು ಕರೆದಾಗ ಹೋಗುವದು, ಇದೆಲ್ಲ ಯಾತಕ್ಕೆ?’ ಎಂದು ನೀವು ಹೇಳುವಿರಿ. ಆ ಧೈರ್ಯವು ದೊಡ್ಡದು. ಎಲ್ಲವನ್ನೂ ತಿಳಿದು, ವಿಚಾರಿಸಿ, ಚಿಕಿತ್ಸೆಯು ಬೇಡವೆಂದು ನಿಶ್ಚಯಿಸಿದವರ ಮಾತನ್ನು ಮಕ್ಕಳು ಮನ್ನಿಸತಕ್ಕದ್ದು; ಐನ್‌ಸ್ಟೈನರೂ ಹಾಗೆಯೇ ನಿಶ್ಚಯಿಸಿದರು. ಆದರೆ ತಿಳಿದು ಒಲ್ಲೆನೆನ್ನುವದು ಬೇರೆ, ತಿಳಿಯಲಿಕ್ಕೇ ಒಲ್ಲೆನೆನ್ನುವದು ಬೇರೆ. ದೇಹವನ್ನು ದೇಗುಲವೆಂದು ಭಾವಿಸಿದ ಪರಂಪರೆಯಲ್ಲಿ ಹುಟ್ಟಿದವರು ಆ ದೇಗುಲದ ಗೋಡೆಯು ಬಿರಿಯುತ್ತಿರುವದೋ ಇಲ್ಲವೋ ಎಂದು ಒಂದು ಸಲ ನೋಡಿಸಿದರೆ ವೈರಾಗ್ಯಕ್ಕೆ ಭಂಗವಿಲ್ಲ. ನೀವು ಇನ್ನೂ ಹತ್ತು ವರ್ಷ ಕಟ್ಟೆಯ ಮೇಲೆ ಕುಳಿತು ಮೊಮ್ಮಕ್ಕಳಿಗೆ ವಿಭೂತಿ ಹಚ್ಚುವದನ್ನೂ ವಚನಗಳನ್ನು ಬಾಯಿಪಾಠ ಮಾಡಿಸುವದನ್ನೂ ನೋಡಬೇಕೆಂಬ ಆಶೆ ಈ ಮಠಕ್ಕಿದೆ. ಆ ಕೆಲಸವನ್ನು ನಿಮ್ಮ ಬದಲು ಮಾಡುವವರು ಯಾರೂ ಇಲ್ಲ.

ಪಟ್ಟಿಯ ಕೆಲಸವು ಬರುವ ಅಮಾವಾಸ್ಯೆಯೊಳಗೆ ಪ್ರತಿ ಊರಿನಲ್ಲಿಯೂ ಆರಂಭವಾಗಲೆಂದು ಪ್ರಾರ್ಥಿಸುವೆನು.